ಫಿರಂಗಿ ಗಾಡಿಯಲ್ಲ, ಸೇನೆಯ ವಾಹನ: ಗಾಂಧೀಜಿಯ ಅಂತಿಮಯಾತ್ರೆಯನ್ನು 1:72ರಲ್ಲಿ ಕಟ್ಟಿದ್ದು

ಗಾಂಧೀಜಿಯವರ ಪಾರ್ಥಿವ ಶರೀರ ಬಿರ್ಲಾ ಭವನದಿಂದ ರಾಜಘಾಟ್‌ಗೆ ಹೋದದ್ದು ಫಿರಂಗಿ ಗಾಡಿಯ ಮೇಲೆ ಎಂದು ಕೆಲವರು ಬರೆದಿದ್ದಾರೆ, ಸೇನೆಯ ವೆಪನ್ ಕ್ಯಾರಿಯರ್, ಅಂದರೆ ಶಸ್ತ್ರಾಸ್ತ್ರ ಸಾಗಿಸುವ ಮೋಟಾರು ವಾಹನದ ಮೇಲೆ ಎಂದು ಇನ್ನು ಕೆಲವರು. ದೂರ ಒಬ್ಬರಿಗೆ ಐದು ಮೈಲಿ, ಮತ್ತೊಬ್ಬರಿಗೆ ಐದೂವರೆ. ಜನ ಹತ್ತು ಲಕ್ಷವೋ ಇಪ್ಪತ್ತು ಲಕ್ಷವೋ. ಆ ಯಾತ್ರೆಯನ್ನು 1:72ರಲ್ಲಿ, ಅಂದರೆ ನಿಜ ಅಳತೆಯ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಪುಟ್ಟ ಮಾದರಿಯಾಗಿ ಕಟ್ಟುತ್ತೇನೆ ಎಂದೆ. ‘ಇಷ್ಟು ಗೊಂದಲವಿರುವುದಕ್ಕೆ ಕೈ ಹಾಕಬೇಡಿ, ಸುಮ್ಮನೆ ಒಂದು ಯುದ್ಧವಿಮಾನ ಮಾಡಿ’ ಎಂದು ಮಾದರಿ ಕಟ್ಟುವ ನಮ್ಮ ಬಳಗದವರು ನಕ್ಕಿದ್ದರು. ಈಗ ಕೆಲಸ ಮುಗಿದು ಗಾಜಿನ ಪೆಟ್ಟಿಗೆ ಸೇರಿದೆ. ನಕ್ಕವರೇ ಫೋಟೋ ಕೇಳುತ್ತಿದ್ದಾರೆ.

ಯಾವ ಬರಹ ಸರಿ ಎಂದು ವಾದಿಸುವ ಬದಲು ಪ್ರತಿಯೊಂದನ್ನೂ ಕಟ್ಟಿಯೇ ನೋಡಿದೆ. 1948ರ ಜನವರಿ 31ರ ಸುದ್ದಿಚಿತ್ರದ ಒಂದು ದೃಶ್ಯವನ್ನು ನಿಲ್ಲಿಸಿ, ಅದೇ ಕೋನದಿಂದ ಮಾದರಿಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಡುತ್ತಿದ್ದೆ. ಹೊಂದಿದರೆ ಬರಹ ಉಳಿಯಿತು, ಇಲ್ಲವಾದರೆ ಹೋಯಿತು. ಮೊಬೈಲನ್ನು ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಇಡಬೇಕೆಂಬುದು ನನ್ನಲ್ಲೇ ಇರಲಿ.

ಫಿರಂಗಿ ಗಾಡಿ ಬೇಗನೆ ಬಿದ್ದುಹೋಯಿತು. ದೇಹದ ಬಳಿ ನೆಹರೂ, ಪಟೇಲ್ ಮೊದಲಾದವರು ಕುಳಿತ ಚಿತ್ರಗಳಿವೆ. ಅಷ್ಟು ಜನಕ್ಕೆ ಅದರಲ್ಲಿ ಜಾಗವೆಲ್ಲಿ? ಆಮೇಲೆ ಸೇನಾ ವಾಹನದ ಬಿಡಿಭಾಗಗಳ ಕಿಟ್ಟನ್ನು ಪೆಟ್ಟಿಗೆಯಲ್ಲಿ ಬಂದಂತೆಯೇ ಜೋಡಿಸಿದೆ. ಮುಂದೆ ಹಗ್ಗ ಹಿಡಿದು ವಾಹನ ಎಳೆಯುವವರ ತಲೆಗಳ ಹಿಂದೆ ದೇಹವೇ ಕಾಣಲಿಲ್ಲ. ಜನರಿಗೆ ಕಾಣಲೆಂದು ರಾತ್ರೋರಾತ್ರಿ ವಾಹನವನ್ನು ಬಿಚ್ಚಿ ಎತ್ತರದ ಹಾಸು ಕೂರಿಸಿದರು ಎಂಬ ವಿವರವನ್ನು ನಾನು ನಂಬಿದ್ದು ಆಗ.

ಅಂದು ವಾಹನದ ಎಂಜಿನ್ ಬಳಸಲಿಲ್ಲ, ಎಳೆದದ್ದು ನಾಲ್ಕು ಹಗ್ಗದಿಂದ, ಹಗ್ಗಕ್ಕೆ ಐವತ್ತು ಜನ, ಮೂರೂ ಪಡೆಗಳವರು. ಇವರ ನಡುವಿನ ಅಂತರವನ್ನು ಯಾರೂ ಬರೆದಿಟ್ಟಿಲ್ಲ. ನಮ್ಮೂರ ತೇರಿನ ದಿನ ಟೇಪು ಹಿಡಿದು ಹಗ್ಗದ ಪಕ್ಕ ಓಡಾಡಿದೆ. ಅರ್ಚಕರು ಏನೆಂದುಕೊಂಡರೋ! ಒಬ್ಬರಿಂದ ಒಬ್ಬರಿಗೆ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ಸಿಕ್ಕಿತು. ಐವತ್ತು ಜನ ಸಾಲಾಗಿ ನಿಂತರೆ 1:72ರಲ್ಲಿ ಅರ್ಧ ಮೀಟರ್ ದಾಟುತ್ತದೆ. ಮೊದಲೇ ಕೊಯ್ಯಿಸಿ ತಂದಿದ್ದ ತೇಗದ ಪೀಠ ಸಾಲದೆ ಈಗ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಮಣೆಯಾಗಿದೆ.

ದುಡ್ಡು ಹೋದದ್ದು ಮನುಷ್ಯರ ಮೇಲೆ. ಸಿದ್ಧ ಸೈನಿಕರ ಪೆಟ್ಟಿಗೆಗೆ ಸಾವಿರದ ಮೇಲೆ ಬೆಲೆ, ಅದರಲ್ಲಿ ಎಲ್ಲರೂ ಬಂದೂಕು ಗುರಿಯಿಟ್ಟವರೇ. ಕೆಲವರ ತೋಳು ಕತ್ತರಿಸಿ ತಿರುಗಿಸಿ ಸಿಲಿಕೋನ್ ಅಚ್ಚು ತೆಗೆದೆ. ಮಳೆಗಾಲದಲ್ಲಿ ಅದಕ್ಕೆ ಎರಕದ ರಾಳ (ರೆಸಿನ್) ಹೊಯ್ದರೆ ತೇವಕ್ಕೆ ನೊರೆ ಬಂದು ಮುಖಗಳೆಲ್ಲ ತೂತು. ಒಂದು ಡಬ್ಬಿ ಪೂರ್ತಿ ಹಾಳು, ಎರಡು ಸಾವಿರದಷ್ಟು ನಷ್ಟ. ಬೇಸಿಗೆಯವರೆಗೆ ಕಾದೆ.

ಹಗ್ಗ ಇನ್ನೊಂದು ಪೀಡೆ. ಹತ್ತಿಯ ದಾರಕ್ಕೆ ಈ ಅಳತೆಯಲ್ಲಿ ಕಂಬಳಿಹುಳುವಿನ ಹಾಗೆ ಕೂದಲು. ಮೀನಿನ ಗಾಳದ ನೈಲಾನ್ ಸುರುಳಿ ಬಿಡುವುದಿಲ್ಲ. ಕೊನೆಗೆ ಹತ್ತಿಯ ದಾರವನ್ನೇ ಫೆವಿಕಾಲ್ ಮತ್ತು ಇನ್ನೊಂದರಲ್ಲಿ ಅದ್ದಿದೆ. ಆ ಇನ್ನೊಂದು ಎಲ್ಲರ ಮನೆಯಲ್ಲೂ ಇದೆ, ಹುಡುಕಿಕೊಳ್ಳಿ.

ವೇಗದ ಲೆಕ್ಕವನ್ನೂ ಹಾಕಿದೆ. ಹನ್ನೊಂದೂಮುಕ್ಕಾಲರ ಹೊತ್ತಿಗೆ ಹೊರಟು ನಾಲ್ಕೂಕಾಲರ ಆಸುಪಾಸು ತಲುಪಿದರೆಂದರೆ ಗಂಟೆಗೆ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಐದು ಮೈಲಿಯೋ ಐದೂವರೆಯೋ, ಆ ಗತಿಯಲ್ಲಿ ಹಗ್ಗ ಸೆಟೆದು ನಿಲ್ಲುವುದಿಲ್ಲ, ತೂಗುತ್ತದೆ. ಹಾಗೆಯೇ ತೂಗುಬಿಟ್ಟಿದ್ದೇನೆ.

ನೋಡಲು ಬಂದವರಲ್ಲಿ ಒಬ್ಬರಾದರೂ ‘ಆ ವಾಹನ ಅಲಹಾಬಾದಿನ ಮ್ಯೂಸಿಯಮ್ಮಿನಲ್ಲಿದೆ’ ಎನ್ನುತ್ತಾರೆ. ಅಲ್ಲಿರುವುದು 1947ರ ಫೋರ್ಡ್ ವಿ-8. ಫೆಬ್ರವರಿ 12ರಂದು ಸಂಗಮಕ್ಕೆ ಚಿತಾಭಸ್ಮ ಒಯ್ದದ್ದು ಅದು. ಬಾಯಿ ಮುಚ್ಚಿಸಲು ಅದನ್ನೂ ಕಟ್ಟಿದೆ, ಆಟಿಕೆ ಲಾರಿಯೊಂದರ ಚಕ್ರ ಹಾಕಿ. ಮುಂದಿನ ಗಾಜು ಇನ್ನೂ ಸರಿ ಬಂದಿಲ್ಲ.

ಜನಸಾಗರದ ತಂಟೆಗೆ ಹೋಗಲಿಲ್ಲ. ಲಕ್ಷಗಳ ಜಗಳ ಬೇರೆಯವರು ಆಡಲಿ. ಒಟ್ಟು ಖರ್ಚು ಹದಿನಾಲ್ಕು ಸಾವಿರದ ಹತ್ತಿರ, ಮನೆಯಲ್ಲಿ ಹೇಳಿದ್ದು ಒಂಬತ್ತು. ಅಚ್ಚುಗಳು ಇನ್ನೂ ಗಟ್ಟಿಯಾಗಿವೆ; ರಾಳ ತಂದವರಿಗೆ ಎರಕ ಹೊಯ್ದು ಕೊಡುತ್ತೇನೆ. ನಾವಿಕರ ಅಚ್ಚನ್ನು ಮಾತ್ರ ಕೇಳಬೇಡಿ.