8 ಮೀಟರ್ ಲ್ಯಾಬಿನಲ್ಲಿ 700 ಮೀಟರ್ ದಾರಿ

ಸಿಮ್ಯುಲೇಷನ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪ್ ಒಳಗೆ 64-ಕ್ಯೂಎಎಂ (ಡೇಟಾವನ್ನು 64 ಚುಕ್ಕಿಗಳಲ್ಲಿ ಒಂದಾಗಿ ಕಳಿಸುವ ವಿಧಾನ) ಚುಕ್ಕಿಗಳು ರಂಗೋಲಿ ಇಟ್ಟ ಹಾಗೆ ಸಾಲಾಗಿ ಕೂತಿದ್ದವು. ಅದೇ ಕೋಡನ್ನು ನಿಜವಾದ ರೇಡಿಯೊ ಬೋರ್ಡಿನ ಮೇಲೆ ಓಡಿಸಿದ ದಿನ, ಆ ರಂಗೋಲಿಯನ್ನು ಯಾರೋ ಕಾಲಿನಲ್ಲಿ ತುಳಿದು ಎಳೆದುಕೊಂಡು ಹೋದ ಹಾಗಾಗಿತ್ತು.

ಇದು ಬೆಂಗಳೂರಿನಲ್ಲಿ ನಾನು ಎಂ.ಟೆಕ್ ಮಾಡುವಾಗಿನ ಪ್ರಾಜೆಕ್ಟಿನ ಕಥೆ. ಎರಡು ಆಂಟೆನಾದಿಂದ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಬೇರೆ ಬೇರೆ ಡೇಟಾ ಕಳಿಸಬೇಕು, ಆ ಕಡೆ ಎರಡು ಆಂಟೆನಾದಲ್ಲಿ ಹಿಡಿದು ಬಿಡಿಸಬೇಕು. ಇಬ್ಬರು ಒಟ್ಟಿಗೇ ಮಾತಾಡುತ್ತಿದ್ದರೆ ಎರಡು ಕಿವಿಯಿಂದ ಯಾರ ಮಾತು ಯಾವುದು ಅಂತ ಬೇರೆ ಮಾಡಿದ ಹಾಗೆ. ಅದಕ್ಕೆ ಮೊದಲು ಒಂದು ವಿಷಯ ಗೊತ್ತಿರಬೇಕು: ಯಾವ ಆಂಟೆನಾದ ಸಿಗ್ನಲ್ ಯಾವ ಆಂಟೆನಾಗೆ ಎಷ್ಟು ಬಲದಲ್ಲಿ, ಎಷ್ಟು ತಿರುಗಿ ಬಂತು. ಎರಡಕ್ಕೆ ಎರಡು ಅಂದರೆ ನಾಲ್ಕು ಸಂಖ್ಯೆ, ಅದೂ ಪ್ರತಿ ಸಬ್‌ಕ್ಯಾರಿಯರ್‌ಗೆ, ಅಂದರೆ ಬ್ಯಾಂಡನ್ನು ಸೀಳಿ ಮಾಡಿದ ಪ್ರತಿ ಸಣ್ಣ ಫ್ರೀಕ್ವೆನ್ಸಿ ಎಳೆಗೆ. ಸಿಗ್ನಲ್ ಬಂದ ದಾರಿಯೇ ಚಾನೆಲ್, ಆ ಸಂಖ್ಯೆಗಳನ್ನು ಅಂದಾಜು ಮಾಡುವುದೇ ಚಾನೆಲ್ ಎಸ್ಟಿಮೇಷನ್.

ನನ್ನ ಹತ್ತಿರ ಇದ್ದದ್ದು ಎರಡು ಯುಎಸ್‌ಆರ್‌ಪಿ ಬಿ210 ಬೋರ್ಡು (ಕೋಡಿನಿಂದ ನಡೆಸುವ ರೇಡಿಯೊ), ಒಂದು ಕಳಿಸಲು, ಇನ್ನೊಂದು ಹಿಡಿಯಲು. ಸೆಟ್ಟಿಂಗ್ ಎಲ್ಲ 4ಜಿ ಮೊಬೈಲಿನ ಎಲ್‌ಟಿಇಯ 5 ಮೆಗಾಹರ್ಟ್ಸ್ ಲೆಕ್ಕದ್ದೇ: 512 ಪಾಯಿಂಟ್ ಎಫ್‌ಎಫ್‌ಟಿ (ಸಿಗ್ನಲ್ಲನ್ನು ಸಬ್‌ಕ್ಯಾರಿಯರ್‌ಗಳಾಗಿ ಬಿಡಿಸುವ ಲೆಕ್ಕ), 15 ಕಿಲೋಹರ್ಟ್ಸ್ ಅಂತರದ 300 ಸಬ್‌ಕ್ಯಾರಿಯರ್, ಸೆಕೆಂಡಿಗೆ 76.8 ಲಕ್ಷ ಸ್ಯಾಂಪಲ್. ಬ್ಯಾಂಡು ಲೈಸೆನ್ಸ್ ಬೇಕಿಲ್ಲದ 2.4 ಗಿಗಾಹರ್ಟ್ಸ್. ಅಲ್ಲಿ ಕಾಲೇಜಿನ ವೈಫೈ ಸಂತೆ. ಆದರೆ ವೈಫೈನ 6ನೇ ಚಾನೆಲ್ 2447 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, 11ನೆಯದು 2452ಕ್ಕೆ ಶುರುವಾಗುತ್ತದೆ. ನಡುವಿನ 5 ಮೆಗಾಹರ್ಟ್ಸ್ ಸಂದಿಯಲ್ಲಿ ನನ್ನ 4.5 ಮೆಗಾಹರ್ಟ್ಸ್ ಸಿಗ್ನಲ್ಲನ್ನು ತೂರಿಸಿದೆ. ಬಸ್ಸಿನಲ್ಲಿ ಇಬ್ಬರ ನಡುವೆ ಸ್ವಲ್ಪ ಸರ್ಕೊಳ್ಳಿ ಅಂತ ಕೂತ ಹಾಗೆ.

ಪೈಲಟ್ ಅಂದರೆ ಎರಡೂ ಕಡೆಗೆ ಮೊದಲೇ ಗೊತ್ತಿರುವ ಸಿಂಬಲ್. ಒಂದನೇ ಆಂಟೆನಾದ ಪೈಲಟ್ ಪ್ರತಿ 6ನೇ ಸಬ್‌ಕ್ಯಾರಿಯರ್‌ನಲ್ಲಿ, ಎರಡನೆಯದರದ್ದು ಅದರಿಂದ 3 ಸ್ಥಾನ ಸರಿದು. ಒಂದು ಪೈಲಟ್ ಹೇಳುವಾಗ ಇನ್ನೊಂದು ಆ ಜಾಗದಲ್ಲಿ ಸುಮ್ನೆ ಇರುತ್ತದೆ. ಬಂದದ್ದನ್ನು ಕಳಿಸಿದ್ದರಿಂದ ಭಾಗಿಸಿದರೆ ಆ ಜಾಗದ ಚಾನೆಲ್ ಸಿಕ್ಕಿತು. ನಡುವಿನ ಸಬ್‌ಕ್ಯಾರಿಯರ್‌ಗಳಿಗೆ ಅಕ್ಕಪಕ್ಕದ ಎರಡು ಪೈಲಟ್ ನಡುವೆ ನೇರ ಗೆರೆ ಎಳೆದು ತುಂಬಿಸುವುದು. ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ಎರಡೂ ಆಂಟೆನಾ ಒಟ್ಟಿಗೆ ಬೇಡ, ಮೊದಲು ಒಂದರಲ್ಲಿ ಮಾತ್ರ ಡೇಟಾ ಕಳಿಸೋಣ ಅಂತ ಶುರು ಮಾಡಿದೆ. ನಾಲ್ಕೇ ಚುಕ್ಕಿಯ ಕ್ಯೂಪಿಎಸ್‌ಕೆ ಸರಾಗ. 16-ಕ್ಯೂಎಎಂ ಕೂಡ ಪರವಾಗಿಲ್ಲ. 64-ಕ್ಯೂಎಎಂಗೆ ಹೋದರೆ ಕೆಟ್ಟು ಕೂರುತ್ತಿತ್ತು. ಚುಕ್ಕಿಗಳು ದುಂಡಗೆ ಹರಡಿರಲಿಲ್ಲ, ನಡುವಿನಿಂದ ಹೊರಕ್ಕೆ ಗೆರೆ ಎಳೆದ ಹಾಗೆ ಉದ್ದವಾಗಿದ್ದವು. ನನಗೆ ಆಗ ಅದರ ಅರ್ಥ ಆಗಲಿಲ್ಲ. ರೂಮಿನ ಪ್ರತಿಫಲನ ಜಾಸ್ತಿ ಇರಬೇಕು ಅಂದುಕೊಂಡೆ. ಕಿಟಕಿಗೆ ಪರದೆ ಹಾಕಿದೆ, ಕುರ್ಚಿ ಹೊರಗಿಟ್ಟೆ, ಕೇಬಲ್ ಬದಲಿಸಿದೆ. ಮೂರು ವಾರ ಹೋಯಿತು.

ಗೈಡ್ ಬಂದು ಒಂದೇ ಪ್ರಶ್ನೆ ಕೇಳಿದರು. "ಪವರ್ ಏರಿಸಿ ನೋಡಿದ್ಯೇನಮ್ಮಾ?"

"ನೋಡಿದೆ ಸರ್. ಏನೂ ಬದಲಾಗಲ್ಲ."

"ಹಾಗಾದ್ರೆ ಅದು ನಾಯ್ಸ್ ಅಲ್ಲ ಬಿಡು. ನಿನ್ನ ಕೋಡಲ್ಲೇ ಇದೆ."

ಸ್ವಲ್ಪ ಸಿಟ್ಟು ಬಂತು. ಆದರೆ ಮಾತು ಸರಿ. ಗದ್ದಲದಿಂದ ಆದ ತಪ್ಪಾಗಿದ್ದರೆ ಪವರ್ ಏರಿಸಿದಂತೆ ಕಡಿಮೆ ಆಗಬೇಕಿತ್ತು.

ಅವತ್ತು ರಾತ್ರಿ ಮೊದಲ ಸಲ ಚಾನೆಲ್ಲಿನ ಫೇಸ್, ಅಂದರೆ ಸಿಗ್ನಲ್ ಎಷ್ಟು ತಿರುಗಿತು ಅನ್ನುವುದರ, ಗ್ರಾಫ್ ಹಾಕಿ ನೋಡಿದೆ. ಅಲ್ಲಿಯವರೆಗೆ ಬರೀ ಮ್ಯಾಗ್ನಿಟ್ಯೂಡ್, ಅಂದರೆ ಬಲ, ನೋಡುತ್ತಿದ್ದೆ. ಫೇಸ್ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದೇ ಓಟದಲ್ಲಿ ಇಳಿಯುತ್ತಿತ್ತು, ಸಬ್‌ಕ್ಯಾರಿಯರ್ ಒಂದಕ್ಕೆ ಸುಮಾರು 12.7 ಡಿಗ್ರಿ. ಫೇಸಿನ ಇಳಿಜಾರು ಅಂದರೆ ತಡ. ಲೆಕ್ಕ ಹಾಕಿದರೆ 18 ಸ್ಯಾಂಪಲ್, 2.3 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಗುಣಿಸಿದರೆ 700 ಮೀಟರ್. ನನ್ನ ಲ್ಯಾಬ್ ಉದ್ದ 8 ಮೀಟರ್! ಸಿಗ್ನಲ್ ಎಲ್ಲಿ ಟೀ ಕುಡಿದು ಬಂತು?

ಎಲ್ಲೂ ಇಲ್ಲ. ಸೈಕ್ಲಿಕ್ ಪ್ರಿಫಿಕ್ಸ್, ಅಂದರೆ ಪ್ರತಿ ಸಿಂಬಲ್ಲಿನ ಬಾಲವನ್ನು ನಕಲಿಸಿ ಮುಂದೆ ಅಂಟಿಸಿದ ತುಂಡು, 36 ಸ್ಯಾಂಪಲ್ ಉದ್ದ. ಟೈಮಿಂಗ್ ಆಚೀಚೆ ಆದರೂ ತೊಂದರೆ ಬೇಡ ಅಂತ ಎಫ್‌ಎಫ್‌ಟಿ ಕಿಟಕಿಯನ್ನು (ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್ ಸಾಲಿನ ಶುರುವನ್ನು) ನಾನೇ ಅದರ ನಟ್ಟನಡುವೆ, 18 ಸ್ಯಾಂಪಲ್ ಮುಂಚೆ ಇಟ್ಟಿದ್ದೆ. ಹಾಗೆ ಇಡುವುದು ತಪ್ಪಲ್ಲ, ಎಲ್ಲರೂ ಸ್ವಲ್ಪ ಮುಂಚೆಯೇ ಇಡುತ್ತಾರೆ. ಆದರೆ ಪೈಲಟ್ ಲೆಕ್ಕಕ್ಕೆ ರೂಮು ಮಾಡಿದ ತಡ ಯಾವುದು, ನಾನು ಮಾಡಿದ ತಡ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಕೂಡಿಸಿ ಇದೇ ಚಾನೆಲ್ ಅನ್ನುತ್ತದೆ. ಸಿಮ್ಯುಲೇಷನ್‌ನಲ್ಲಿ ಟೈಮಿಂಗ್ ಕರಾರುವಾಕ್ಕಾಗಿತ್ತು, ಹಾಗಾಗಿ ಅಲ್ಲಿ ಇದು ಕಾಣಲೇ ಇಲ್ಲ.

ಇಲ್ಲಿಂದ ಮುಂದಿನದು ಬರೀ ಜ್ಯಾಮಿತಿ. 6 ಸಬ್‌ಕ್ಯಾರಿಯರ್ ದಾಟುವಷ್ಟರಲ್ಲಿ ಫೇಸ್ 76 ಡಿಗ್ರಿ ತಿರುಗಿರುತ್ತದೆ. ನಿಜವಾದ ಚಾನೆಲ್ ವೃತ್ತದ ಮೇಲೆ ಸುತ್ತಿ ಬರುತ್ತಿದೆ. ನನ್ನ ನೇರ ಗೆರೆ ಮಾತ್ರ ಕೆರೆ ಏರಿ ಸುತ್ತಿ ಹೋಗದೆ ನೀರಿನ ಮೇಲೇ ಅಡ್ಡ ಹಾಯುತ್ತಿದೆ. ವೃತ್ತದ ತ್ರಿಜ್ಯ 1 ಅಂದರೆ, ಕೇಂದ್ರದಿಂದ ಆ ಗೆರೆಯ ನಡುಮಧ್ಯಕ್ಕೆ ಇರುವ ದೂರ 38 ಡಿಗ್ರಿಯ ಕೊಸೈನ್, ಅಂದರೆ 0.79. ಚಾನೆಲ್ ಇರುವುದಕ್ಕಿಂತ ಶೇಕಡಾ 21 ಸಣ್ಣದು ಅಂತ ಲೆಕ್ಕ ಬಂತು. ಅದರಿಂದ ಭಾಗಿಸಿದ ಡೇಟಾ 1.27 ಪಟ್ಟು ಉಬ್ಬಿತು. 64-ಕ್ಯೂಎಎಂನಲ್ಲಿ ಮಟ್ಟಗಳು 1, 3, 5, 7. 5ರಲ್ಲಿ ಇರಬೇಕಾದದ್ದು 6.3ಕ್ಕೆ ಹೋಗಿ ಕೂತರೆ ರಿಸೀವರ್ ಅದನ್ನು 7 ಎಂದೇ ಓದುತ್ತದೆ. 16-ಕ್ಯೂಎಎಂನಲ್ಲಿ 1 ಉಬ್ಬಿ 1.27 ಆದರೂ ಗಡಿ 2, ದಾಟುವುದಿಲ್ಲ. ಕ್ಯೂಪಿಎಸ್‌ಕೆಗೆ ಉಬ್ಬಿದ್ದೇ ಗೊತ್ತಾಗುವುದಿಲ್ಲ. ಹೊರಕ್ಕೆ ಎಳೆದ ಆ ಗೆರೆಗಳು ಮೂರು ವಾರದಿಂದ ಇದನ್ನೇ ಹೇಳುತ್ತಿದ್ದವು.

ಪರಿಹಾರ ನಾಲ್ಕು ಸಾಲಿನ ಕೋಡು. ಪ್ರತಿ ಪೈಲಟ್ ಚಾನೆಲ್ಲನ್ನು ಅದರ ಹಿಂದಿನದರ ಕಾಂಜುಗೇಟ್‌ನಿಂದ (ತಿರುವನ್ನು ಉಲ್ಟಾ ಮಾಡಿದ ರೂಪದಿಂದ) ಗುಣಿಸಿ ಎಲ್ಲವನ್ನೂ ಕೂಡಿಸಬೇಕು. ಬಂದ ಮೊತ್ತದ ಕೋನವನ್ನು 6ರಿಂದ ಭಾಗಿಸಿದರೆ ಇಳಿಜಾರು ಸಿಗುತ್ತದೆ. ಆ ತಿರುವನ್ನು ಮೊದಲು ಬಿಚ್ಚಿ, ಆಮೇಲೆ ಗೆರೆ ಎಳೆದು, ಕೊನೆಗೆ ತಿರುವನ್ನು ವಾಪಸ್ ಹಾಕಬೇಕು. ಕೊನೆಯದನ್ನು ನಾನು ಮರೆತೆ. ಡೇಟಾ ಇನ್ನೂ ತಿರುಗಿಕೊಂಡೇ ಬರುತ್ತಿರುತ್ತದಲ್ಲ, ಪರದೆ ತುಂಬ ಚುಕ್ಕಿಗಳ ಬದಲು ಬಳೆಗಳು. ಅರ್ಧ ಗಂಟೆ ಅದಕ್ಕೂ ತಲೆ ಕೆಡಿಸಿಕೊಂಡೆ.

ಆಮೇಲೆ ಎರಡೂ ಆಂಟೆನಾ ಒಟ್ಟಿಗೆ ಆನ್ ಮಾಡಿದೆ. ಮತ್ತೆ ಗೊಂದಲ. ಈ ಸಲ ಚುಕ್ಕಿಗಳು ದುಂಡಗೆ ಹರಡಿದ್ದವು, ಪವರ್ ಏರಿಸಿದರೆ ಸುಧಾರಿಸುತ್ತಿದ್ದವು. ಅಂದರೆ ಇದು ನಿಜಕ್ಕೂ ನಾಯ್ಸ್. ಆದರೆ ಒಂದೊಂದೇ ಇದ್ದಾಗ ಸಾಲುತ್ತಿದ್ದ ಪವರ್ ಈಗ ಯಾಕೆ ಸಾಲದು? ನಾಲ್ಕು ಸಂಖ್ಯೆಯ ಆ ಮ್ಯಾಟ್ರಿಕ್ಸಿನ ಕಂಡಿಷನ್ ನಂಬರ್ (ಇದು ದೊಡ್ಡದಾದಷ್ಟೂ ಬಿಡಿಸುವುದು ಕಷ್ಟ) ನೋಡಿದೆ, 20 ದಾಟಿತ್ತು. ಎರಡೂ ಬೋರ್ಡು ಎದುರುಬದುರು ಮೇಜಿನ ಮೇಲೆ, ನಡುವೆ ಏನೂ ಇಲ್ಲ. ಹಾಗಾಗಿ ಎರಡು ಆಂಟೆನಾದ ದಾರಿ ಹೆಚ್ಚುಕಮ್ಮಿ ಒಂದೇ. ಬಿಡಿಸಲು ಹೋದರೆ ಎಸ್ಟಿಮೇಟಿನ ಸಣ್ಣ ತಪ್ಪೂ ಹತ್ತಿಪ್ಪತ್ತು ಪಟ್ಟು ಬೆಳೆಯಬಹುದು. ಒಂದೇ ಆಂಟೆನಾ ಇದ್ದಾಗ ನಡೆದುಹೋಗುವ ಎಸ್ಟಿಮೇಟು ಎರಡಾದಾಗ ನಡೆಯುವುದಿಲ್ಲ.

ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಡೇಟಾ ಕಳಿಸುವ ಐಡಿಯಾಕ್ಕೆ 1994ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲಾತ್. ಪೌಲ್‌ರಾಜ್ ನಮ್ಮ ನೌಕಾಪಡೆಯಲ್ಲಿ ಇದ್ದವರು, ಸ್ಟ್ಯಾನ್‌ಫರ್ಡ್‌ಗೆ ಹೋಗುವ ಮೊದಲು ಇದೇ ಬೆಂಗಳೂರಿನಲ್ಲಿ ಸಿಎಐಆರ್ ಎಂಬ ಕೃತಕ ಬುದ್ಧಿಮತ್ತೆ ಮತ್ತು ರೊಬೊಟಿಕ್ಸ್ ಲ್ಯಾಬ್ ಶುರು ಮಾಡಿದವರು. ಆಂಟೆನಾಗಳ ದಾರಿಯನ್ನು ಬೇರೆ ಬೇರೆ ಮಾಡುವ ಅಡ್ಡಾದಿಡ್ಡಿ ಪ್ರತಿಫಲನಗಳೇ ಈ ಐಡಿಯಾದ ಬಂಡವಾಳ. ನಾನೋ ಪರದೆ ಹಾಕಿ, ಕುರ್ಚಿ ಹೊರಗಿಟ್ಟು ಇದ್ದಬದ್ದ ಪ್ರತಿಫಲನ ಓಡಿಸಲು ಹೊರಟಿದ್ದೆ.

ಕುರ್ಚಿಗಳನ್ನು ಒಳಗೆ ತಂದೆ. ಆಂಟೆನಾಗಳ ನಡುವೆ ಅರ್ಧ ತರಂಗಾಂತರ, 6 ಸೆಂಟಿಮೀಟರ್, ಬಿಟ್ಟೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಕಬ್ಬಿಣದ ಬೀರುವನ್ನು ಜೂನಿಯರ್ ಜೊತೆ ಸೇರಿ ತಳ್ಳಿಕೊಂಡು ಬಂದು ಎರಡು ಬೋರ್ಡಿನ ನಡುವೆ ನಿಲ್ಲಿಸಿದೆ. ನೇರ ದಾರಿ ಮುಚ್ಚಿತು, ಬಂದ ಸಿಗ್ನಲ್ ಕುಗ್ಗಿತು. ಕಂಡಿಷನ್ ನಂಬರ್ ಮಾತ್ರ 5ರ ಆಸುಪಾಸಿಗೆ ಇಳಿಯಿತು, ಎರಡೂ ಡೇಟಾ ಬಿಡಿಬಿಡಿಯಾಗಿ ಬಂದವು. "ಅಕ್ಕಾ, ಅಡ್ಡ ಇಟ್ರೆ ಜಾಸ್ತಿ ಬರುತ್ತಾ?" ಅಂತ ಜೂನಿಯರ್ ನಗುತ್ತಿದ್ದ.

ಬೀರು ಅಡ್ಡ ಬಂದ ಮೇಲೆ ಎಸ್ಟಿಮೇಟಿನಲ್ಲಿ ನಾಯ್ಸ್ ಪಾಲು ಏರಿತ್ತು, ಹಾಗಾಗಿ ಎಂಎಂಎಸ್‌ಇಗೆ, ಅಂದರೆ ಸರಾಸರಿ ತಪ್ಪು ಆದಷ್ಟು ಕಡಿಮೆ ಇರುವ ಹಾಗೆ ಅಂದಾಜು ಮಾಡುವ ವಿಧಾನಕ್ಕೆ, ಹೋದೆ. 8 ಮೀಟರ್ ರೂಮಿನ ಚಾನೆಲ್ ಮೂರ್ನಾಲ್ಕು ಸ್ಯಾಂಪಲ್ಲಿಗಿಂತ ಉದ್ದ ಇರುವುದಿಲ್ಲ. ಅಂಥದ್ದಕ್ಕೆ ಪ್ರತಿ ಆಂಟೆನಾಗೆ 50 ಪೈಲಟ್ ಇವೆ. ಅವನ್ನು ಒಂದರ ಆಸರೆಯಲ್ಲಿ ಇನ್ನೊಂದು ಇರುವ ಹಾಗೆ ಹದಗೊಳಿಸಿದರೆ ನಾಯ್ಸ್ ಬಹಳ ಇಳಿಯುತ್ತದೆ. ಅದಕ್ಕೆ ನಾಯ್ಸ್ ಎಷ್ಟು ಅಂತ ಹೇಳಬೇಕು. ನಾನು ಖಾಲಿ ಬಿಟ್ಟ ಅಂಚಿನ ಸಬ್‌ಕ್ಯಾರಿಯರ್‌ಗಳಲ್ಲಿ ಅಳೆದೆ. ಅಲ್ಲಿ ಬೋರ್ಡಿನ ಫಿಲ್ಟರ್ ನಾಯ್ಸನ್ನೂ ತಗ್ಗಿಸಿರುತ್ತದೆ, ಹಾಗಾಗಿ ಉತ್ತರ ಕಡಿಮೆ ಬಂತು. ಹಿಂದುಮುಂದಿನ ಎರಡು ಪೈಲಟ್ ಸಿಂಬಲ್‌ಗಳ ವ್ಯತ್ಯಾಸದಿಂದ ಅಳೆದ ಮೇಲೆ ಸರಿಹೋಯಿತು.

ರಿಪೋರ್ಟಿಗೆ ಸೆಟಪ್ ಫೋಟೊ ತೆಗೆಯಲು ಹೋದರೆ ಎರಡು ಬೋರ್ಡು ಕಾಣುವುದೇ ಇಲ್ಲ, ಫೋಟೊ ತುಂಬ ಬೀರು. ವೈವಾದಲ್ಲಿ ಎಕ್ಸಾಮಿನರ್ ಮೊದಲು ಕೇಳಿದ್ದೂ ಅದನ್ನೇ.