ಮಲೆನಾಡಿನ ತೇವದಲ್ಲಿ ಮಿಲ್ಲಿಂಗ್ ಟೂಲ್‌ಗಳನ್ನು ಜೋಡಿಸಿಟ್ಟ ಬಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯಲ್ಲೇ ಮಿಲ್ಲಿಂಗ್ ಮೆಷಿನ್ (ತಿರುಗುವ ಕಟ್ಟರ್‌ನಿಂದ ಲೋಹ ಕಡಿಯುವ ಯಂತ್ರ) ಇಟ್ಟುಕೊಂಡವರು ಟೂಲ್ ಜೋಡಿಸುವಾಗ ಮೊದಲು ನೋಡಬೇಕಾದ್ದು ತುಕ್ಕು. ಹಾಗಾಗಿ ನಾನು ಸೈಜಿನ ಪ್ರಕಾರ ಜೋಡಿಸಿಲ್ಲ. ತುಕ್ಕು ಹಿಡಿದರೆ ಯಾವುದು ಕೆಲಸಕ್ಕೇ ಬಾರದಂತಾಗುತ್ತದೆ ಎಂದು ನೋಡಿ ಪಾಲು ಮಾಡಿದ್ದೇನೆ. ಕಟ್ಟರನ್ನು ಸುತ್ತಲೂ ಬಿಗಿ ಹಿಡಿಯುವ ಸೀಳು ಕೊಳವೆಯಾದ ಕಾಲೆಟ್, ಅದನ್ನು ಮೆಷಿನ್‌ಗೆ ಕೂರಿಸುವ ಹೋಲ್ಡರ್, ವೈಸ್‌ನಲ್ಲಿ ಕೆಲಸದ ತುಂಡಿನ ಅಡಿಗೆ ಇಡುವ ನಿಖರ ಪಟ್ಟಿಯಾದ ಪ್ಯಾರಲಲ್, ತುಂಡಿನ ಅಂಚು ಗುರುತಿಸುವ ಎಡ್ಜ್ ಫೈಂಡರ್, ಕಡಿಯುವ ಕಟ್ಟರಾದ ಎಂಡ್ ಮಿಲ್ ಎಲ್ಲ ಬೆಚ್ಚನೆಯ ಕಪಾಟಿಗೆ. ತುಂಡನ್ನು ಟೇಬಲ್ಲಿಗೆ ಬಿಗಿಯುವ ಕ್ಲ್ಯಾಂಪ್, ಸ್ಟಡ್, ಟಿ-ನಟ್ ಮೆಷಿನ್ ಪಕ್ಕದ ತೆರೆದ ಸ್ಟ್ಯಾಂಡಿಗೆ.

ಕಪಾಟು ಸ್ಟೀಲಿನದು. ಆರಿದ್ರಾ ಮಳೆ ಹಿಡಿದ ಮೇಲೆ ಜಂಬಿಟ್ಟಿಗೆ ಗೋಡೆಯೇ ತೇವ ಕಾರುತ್ತದೆ, ಆದ್ದರಿಂದ ಗೋಡೆಯಿಂದ 8 ಸೆಂ.ಮೀ., ನೆಲದಿಂದ 10 ಸೆಂ.ಮೀ. ಬಿಟ್ಟು ನಿಲ್ಲಿಸಿದ್ದೇನೆ. ತಳದಲ್ಲಿ 25 ವ್ಯಾಟಿನ ಫಿಲಮೆಂಟ್ ಬಲ್ಬು, ಅದರ ಸುತ್ತ ತೂತು ಹೊಡೆದ ತಗಡು. ಎಲ್‌ಇಡಿ ಬಲ್ಬಿನ ಶಾಖ ಸಾಲದು. 25 ಡಿಗ್ರಿಯಲ್ಲಿ ಶೇ. 90 ತೇವಾಂಶವಿರುವ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ತೇವಾಂಶ ಸುಮಾರು 67ಕ್ಕೆ ಇಳಿಯುತ್ತದೆ, 33 ಡಿಗ್ರಿಗೆ ಕಾಯಿಸಿದರೆ 57ಕ್ಕೆ. ಶೇ. 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಬೇಗ ಏರುವುದರಿಂದ ನನ್ನ ಗುರಿ 33 ಡಿಗ್ರಿ. ಒಳಗೊಂದು ಹೈಗ್ರೋಮೀಟರ್ ಇಡಲೇಬೇಕು. ಕಪಾಟು ದೊಡ್ಡದಾದರೆ ಒಂದು ಬಲ್ಬು ಸಾಕಾಗದು. ಎಣ್ಣೆ ಬಟ್ಟೆಯನ್ನು ಮಾತ್ರ ಬಲ್ಬಿನ ಹತ್ತಿರ ಸುಳಿಯಗೊಡಬೇಡಿ.

ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಅದಕ್ಕೇ ಡಯಲ್ (ಮುಳ್ಳಿನ ಅಳತೆ ಮಾಪಕ) ಮತ್ತು ಪ್ಯಾರಲಲ್‌ಗಳಿಗೆ ಗಾಳಿಯಾಡದ ಡಬ್ಬ, ಅದರೊಳಗೆ ಬಟ್ಟೆ ಚೀಲದಲ್ಲಿ ಅರ್ಧ ಕೆಜಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಹಸಿರಿಗೆ ತಿರುಗಿದಾಗ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಓವನ್‌ಗೆ ಹಾಕಬಾರದು.

ಕಾಲೆಟ್‌ಗಳ ಮೇಲೆ ನನಗೆ ಹೆಚ್ಚು ಕಾಳಜಿ. ಟೇಪರ್ (ಕಿರಿದಾಗುತ್ತ ಹೋಗುವ ಹೊರಮೈ) ಮೇಲೆ ತುಕ್ಕಿನ ಒಂದು ಚುಕ್ಕೆ ಅಥವಾ ಕಡಿದ ಲೋಹದ ಒಂದು ಚೂರು ಸಿಕ್ಕಿದರೂ ಕಟ್ಟರ್ ಓಲಾಡುತ್ತದೆ. ಆಗ ಒಂದೇ ಹಲ್ಲಿಗೆ ಭಾರ ಬಿದ್ದು ಅದು ಬೇಗ ಸವೆಯುತ್ತದೆ. ನನ್ನ ಇಆರ್32 (ಕಾಲೆಟ್‌ನ ಒಂದು ಪ್ರಮಾಣಿತ ಮಾದರಿ) ಸೆಟ್‌ನಲ್ಲಿ 3ರಿಂದ 20 ಮಿ.ಮೀ.ವರೆಗೆ 18 ಕಾಲೆಟ್. ಮರದ ಹಲಗೆ ತೇವ ಹೀರುತ್ತದೆ, ಜೊತೆಗೆ ಆಮ್ಲದ ಆವಿ ಬಿಡುತ್ತದೆ. ಅದಕ್ಕೆ ಪಾತ್ರೆ ಅಂಗಡಿಯಲ್ಲಿ ಸಿಗುವ ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ತರಕಾರಿ ಹೆಚ್ಚುವ ಹಲಗೆ ತಂದು, 45 ಮಿ.ಮೀ. ಅಂತರದಲ್ಲಿ ಮೂರು ಸಾಲು, ಸಾಲಿಗೆ ಆರರಂತೆ 28 ಮಿ.ಮೀ. ತೂತು ಕೊರೆದಿದ್ದೇನೆ. ಕಾಲೆಟ್‌ನ ಅಗಲ ತುದಿ 33 ಮಿ.ಮೀ. ಇರುವುದರಿಂದ ಅರ್ಧಕ್ಕೆ ಇಳಿದು ನಿಲ್ಲುತ್ತದೆ. ಎತ್ತಿದಾಗ ಯಾವುದು ಖಾಲಿ ಎಂದು ತಕ್ಷಣ ಕಾಣುವಂತೆ ತೂತಿನ ಪಕ್ಕ ಅಳತೆ ಕೆತ್ತಿದ್ದೇನೆ.

ಕೆಲಸ ಮುಗಿದ ಮೇಲೆ ಕಾಲೆಟ್‌ಗಳನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಬ್ರಷ್ ಹಾಕಿ ತೊಳೆದು, ಸೀಳುಗಳನ್ನು ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆಯನ್ನು ತೆಳ್ಳಗೆ ಸವರಬೇಕು. ತೊಟ್ಟಿಕ್ಕುವಷ್ಟು ಎಣ್ಣೆ ಹಾಕಿದರೆ ಚೂರು ಅಂಟುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ: ನಮ್ಮ ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದಂತೆ ಆಮ್ಲ ಬಿಡುತ್ತದೆ. ಎಣ್ಣೆ ಸವರಿದ ಮೇಲೆ ಟೇಪರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪೇ ಸಾಕು.

ಎಂಡ್ ಮಿಲ್‌ಗಳಿಗೂ ಅದೇ ಹಲಗೆ, ಎರಡು ಪದರ. ತೂತು ಶ್ಯಾಂಕ್‌ಗಿಂತ (ಟೂಲ್‌ನ ಹಿಡಿಯುವ ಕಾಂಡಕ್ಕಿಂತ) ಅರ್ಧ ಮಿ.ಮೀ. ದೊಡ್ಡದು, ತಳದಲ್ಲಿ 5 ಮಿ.ಮೀ. ಕಿರುತೂತು, ಇಲ್ಲದಿದ್ದರೆ ಚೂರೂ ಎಣ್ಣೆಯೂ ಕೆಳಗೆ ತುಂಬಿ ಟೂಲ್ ಸರಿಯಾಗಿ ಕೂರದು. ಒಂದರ ಹಲ್ಲು ಇನ್ನೊಂದಕ್ಕೆ ತಾಗಬಾರದು, ಕಾರ್ಬೈಡ್ ಆದರಂತೂ ಅಲ್ಲೇ ಚಕ್ಕೆ ಹಾರುತ್ತದೆ. ಅಲ್ಯೂಮಿನಿಯಂಗೆ ಮೀಸಲಾದವಕ್ಕೆ ನೀಲಿ ಚುಕ್ಕೆ. ಮೊಂಡಾದದ್ದು ತಿರುಗಿ ಹಲಗೆಗೆ ಬರುವುದೇ ಇಲ್ಲ, ನೇರ ಸಾಣೆ ಡಬ್ಬಕ್ಕೆ.

ಸ್ಟ್ಯಾಂಡಿನಲ್ಲಿ ಹೇಳುವಂಥದ್ದು ಕಡಿಮೆ. ಟೇಬಲ್ಲಿನ ಟಿ ಆಕಾರದ ಗಾಡಿ, ಅಂದರೆ ಟಿ-ಸ್ಲಾಟ್, 12 ಮಿ.ಮೀ. ಇದ್ದರೆ ಎಂ10, 14ಕ್ಕೆ ಎಂ12 ಸ್ಟಡ್. ಉದ್ದದ ಪ್ರಕಾರ ನಿಲ್ಲಿಸಿದರೆ ಸಾಕು. ವೈಸ್ ಮತ್ತು ಟೇಬಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಬೆಳಗ್ಗೆ ತಣ್ಣನೆಯ ಕಬ್ಬಿಣದ ಮೇಲೆ ನೀರು ಕೂತು ಒಳಗೇ ಉಳಿಯುತ್ತದೆ. ತೆಳು ಎಣ್ಣೆ ಹಿಡಿಸಿದ ಹತ್ತಿ ಬಟ್ಟೆ ಹೊದಿಸಿ, ಮೃಗಶಿರ ಮಳೆಗೆ ಮೊದಲೇ ಅದನ್ನು ಬದಲಿಸಿಕೊಳ್ಳಿ.