ಹಳೇ ಬಾಸ್ಕೆಟ್‌ಬಾಲ್ ಮ್ಯಾಗಜೀನ್‌ಗಳು: ಒಂದು ಸೀಸನ್ ಹಿಡಿದು ಓದುವುದು ಹೇಗೆ

ಹಳೇ ಬಾಸ್ಕೆಟ್‌ಬಾಲ್ ಮ್ಯಾಗಜೀನ್ ಕೂಡಿಸಲು ಹೊರಟವರು ಮೊದಲು ಹುಡುಕುವುದು ತೊಂಬತ್ತರ ದಶಕದ ದೊಡ್ಡ ತಾರೆ ಮೈಕೇಲ್ ಜೋರ್ಡನ್ ಇರುವ ಮುಖಪುಟವನ್ನು. ಅದು ಸಹಜ. ಆದರೆ ಬರೀ ಮುಖಪುಟಕ್ಕಾಗಿ ಕೊಂಡ ಮ್ಯಾಗಜೀನ್ ಪ್ಲಾಸ್ಟಿಕ್ ಕವರ್‌ನೊಳಗೆ ಸೇರಿಬಿಡುತ್ತದೆ, ಯಾರೂ ಬಿಡಿಸಿ ಓದುವುದಿಲ್ಲ. ನಿಮಗೆ ಆ ಕಾಲವೇ ಬೇಕು ಅಂತಿದ್ದರೆ ಸೀಸನ್ ನೋಡಿ ಕೊಳ್ಳಿ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಒಂದೇ ಒಂದು ಸೀಸನ್ ಆರಿಸಿಕೊಳ್ಳಿ, ಅದು ಶುರುವಾಗುವ ಮುಂಚಿನ ಸಂಚಿಕೆಯಿಂದ ಹಿಡಿದು ಜೂನ್‌ನ ಫೈನಲ್ಸ್ ವರದಿಯವರೆಗೆ ಸಿಕ್ಕಷ್ಟನ್ನು ಸಾಲಾಗಿ ಜೋಡಿಸಿ, ಅದೇ ಸಾಲಿನಲ್ಲಿ ಓದಿ. ಮುಂದೇನಾಗುತ್ತದೆ ಅಂತ ಆ ಪುಟಗಳನ್ನು ಬರೆದವರಿಗೆ ಗೊತ್ತಿರಲಿಲ್ಲ. ಓದುವ ಖುಷಿ ಇರುವುದೇ ಅಲ್ಲಿ.

ಯಾವ ಸೀಸನ್? ನನ್ನ ಮೊದಲ ಆಯ್ಕೆ 1994–95. ಸೀಸನ್ ಶುರುವಾದಾಗ ಜೋರ್ಡನ್ ಬೇಸ್‌ಬಾಲ್ ಆಡಲು ಹೋಗಿದ್ದರು. ಅವರ ಜಾಗ ತುಂಬುವವರು ಯಾರು ಅನ್ನೋದೇ ಆಗ ಎಲ್ಲರ ಪ್ರಶ್ನೆ. ಹೊಸದಾಗಿ ಬಂದ ಗ್ರಾಂಟ್ ಹಿಲ್‌ಗೆ ಆ ವರ್ಷದ ಆಲ್-ಸ್ಟಾರ್ ಪಂದ್ಯಕ್ಕೆ (ಲೀಗ್‌ನ ತಾರೆಗಳೆಲ್ಲ ಸೇರಿ ಆಡುವ ಪಂದ್ಯ) ಅಭಿಮಾನಿಗಳಿಂದ ಅತಿ ಹೆಚ್ಚು ವೋಟು ಬಿತ್ತು. ಮೊದಲ ವರ್ಷದ ಆಟಗಾರನಿಗೆ ಅದಕ್ಕೂ ಮುಂಚೆ ಹಾಗೆ ಆಗಿರಲಿಲ್ಲ. ಒರ್ಲಾಂಡೊದಲ್ಲಿ ಶಕೀಲ್ ಓನೀಲ್ ಮತ್ತು ಪೆನ್ನಿ ಹಾರ್ಡವೇ ಜೋಡಿ. ಮುಂದೆ ಹಿಲ್‌ಗೆ ಪಾದದ ಗಂಟು ಕೈಕೊಡುತ್ತದೆ, ಪೆನ್ನಿಗೆ ಮೊಣಕಾಲು ಕೈಕೊಡುತ್ತದೆ ಅಂತ ನಮಗೆ ಗೊತ್ತು. ಆವತ್ತು ಬರೆದವರ ಮಾತಿನಲ್ಲಿ ಆ ನೆರಳೇ ಇಲ್ಲ, ಬರೀ ಭರವಸೆ. ಓದುವಾಗ ಎದೆ ಸ್ವಲ್ಪ ಭಾರವಾಗುತ್ತದೆ. ಮಾರ್ಚ್ 1995ರಲ್ಲಿ ಜೋರ್ಡನ್ ವಾಪಸ್ ಬಂದರು, ಪಶ್ಚಿಮ ವಿಭಾಗದಿಂದ ಆರನೇ ಸ್ಥಾನದಲ್ಲಿ ಪ್ಲೇಆಫ್ ಅನ್ನುವ ಕೊನೆಯ ಸುತ್ತುಗಳಿಗೆ ಬಂದಿದ್ದ ಹ್ಯೂಸ್ಟನ್ ತಂಡ ಜೂನ್‌ನ ಫೈನಲ್ಸ್‌ನಲ್ಲಿ ಒರ್ಲಾಂಡೊವನ್ನು 4–0ರಿಂದ ಸೋಲಿಸಿತು. ಅಕ್ಟೋಬರ್ ಸಂಚಿಕೆ ಓದಿ ಇದನ್ನು ಯಾರು ಊಹಿಸುತ್ತಾರೆ ಹೇಳಿ?

ಎರಡನೇ ಆಯ್ಕೆ 1998–99. ತಂಡಗಳ ಮಾಲೀಕರು ಮತ್ತು ಆಟಗಾರರ ಜಗಳದಿಂದಾದ ಲಾಕ್‌ಔಟ್‌ನಿಂದ ಪಂದ್ಯಗಳೇ ಇಲ್ಲದೆ ತಿಂಗಳುಗಳು ಕಳೆದವು, ಜನವರಿಯಲ್ಲಿ ಜೋರ್ಡನ್ ಎರಡನೇ ಸಲ ನಿವೃತ್ತರಾದರು, ಫೆಬ್ರವರಿಯಲ್ಲಿ ಶುರುವಾದ ಸೀಸನ್‌ನಲ್ಲಿ ಒಂದೊಂದು ತಂಡಕ್ಕೆ ಸಿಕ್ಕಿದ್ದು 50 ಪಂದ್ಯ ಮಾತ್ರ. ಮಾರ್ಚ್ 1999ರ ಸ್ಲ್ಯಾಮ್ ಪತ್ರಿಕೆಯ ಮುಖಪುಟದಲ್ಲಿ ಫಿಲಡೆಲ್ಫಿಯಾ ತಂಡದ ಆಲನ್ ಐವರ್ಸನ್, ಜಡೆ ಬಿಚ್ಚಿ ಹರಡಿದ ಕೂದಲು, ತಂಡದ ಹಳೇ ಕಾಲದ ಜರ್ಸಿ. ಒಂದು ಕಾಲ ಮುಗಿದು ಇನ್ನೊಂದು ಶುರುವಾಗಿದ್ದು ಆ ಒಂದು ಮುಖಪುಟದಲ್ಲೇ ಕಾಣುತ್ತದೆ.

ಸೀಸನ್ ಆಯ್ತು, ಇನ್ನು ಯಾವ ಮ್ಯಾಗಜೀನ್? ಕನಿಷ್ಠ ಎರಡು ಬೇಕು, ಒಂದು ವಾರಪತ್ರಿಕೆ, ಒಂದು ಮಾಸಪತ್ರಿಕೆ. ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಆಗ ವಾರಕ್ಕೊಮ್ಮೆ ಬರುತ್ತಿತ್ತು, ಹಾಗಾಗಿ ಸುದ್ದಿ ಬಿಸಿಯಾಗಿಯೇ ಇರುತ್ತದೆ. 1994ರ ಮಾರ್ಚ್‌ನಲ್ಲಿ ಅದು ಬೇಸ್‌ಬಾಲ್ ಬಿಟ್ಟುಬಿಡು ಅಂತ ಜೋರ್ಡನ್‌ಗೆ ಮುಖಪುಟದಲ್ಲೇ ಹೇಳಿತು. ಆಮೇಲೆ ಜೋರ್ಡನ್ ಆ ಪತ್ರಿಕೆಯ ಜೊತೆ ಮಾತೇ ಬಿಟ್ಟರು. ಮುಂದಿನ ವರ್ಷ ಅವರು ಮರಳಿ ಬಂದಾಗ ಅದೇ ಪತ್ರಿಕೆ ಮತ್ತೆ ಅವರನ್ನೇ ಮುಖಪುಟಕ್ಕೆ ಹಾಕಿತು. ಈ ಎರಡು ಸಂಚಿಕೆ ಪಕ್ಕಪಕ್ಕ ಇಟ್ಟು ಓದಬೇಕು. ಸ್ಲ್ಯಾಮ್ ಶುರುವಾಗಿದ್ದು 1994ರಲ್ಲಿ, ಮೊದಲ ಮುಖಪುಟದಲ್ಲಿದ್ದವರು ಲ್ಯಾರಿ ಜಾನ್ಸನ್. ಅದರ ಭಾಷೆಯೇ ಬೇರೆ, ಬೀದಿ ಅಂಗಳದಲ್ಲಿ ಆಡುವ ಹುಡುಗರ ಮಾತು, ಹಿಪ್-ಹಾಪ್ ಸೇರಿದ ಮಾತು. ಹೂಪ್ ಅನ್ನೋದು ಎನ್‌ಬಿಎಯದ್ದೇ ಪತ್ರಿಕೆ, ಅಲ್ಲಿ ಚುಚ್ಚುಮಾತು ಸಿಗುವುದಿಲ್ಲ. ಬೆಕೆಟ್ ಪತ್ರಿಕೆ ತೆಗೆದುಕೊಳ್ಳುವುದು ಜನ ಕೂಡಿಸಿಡುವ ಆಟಗಾರರ ಚಿತ್ರದ ಕಾರ್ಡ್‌ಗಳ ಬೆಲೆಪಟ್ಟಿಗೆ. ಯಾವ ಆಟಗಾರನ ಮೇಲೆ ಜನ ಎಷ್ಟು ಆಸೆ ಇಟ್ಟಿದ್ದರು ಅನ್ನೋದು ಆ ಪಟ್ಟಿಯಲ್ಲಿ ಲೇಖನಗಳಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಸಾಲಾಗಿ ಜೋಡಿಸುವಾಗ ಒಂದು ವಿಷಯ ನೆನಪಿರಲಿ. ಮಾಸಪತ್ರಿಕೆಯ ಮುಖಪುಟದ ತಿಂಗಳನ್ನು ನಂಬಬೇಡಿ. ಮಾರ್ಚ್ ಅಂತ ಇರುವ ಸಂಚಿಕೆ ಮಾರ್ಚ್‌ಗೆ ಮುಂಚೆಯೇ ಅಂಗಡಿಗೆ ಬಂದಿರುತ್ತದೆ, ಒಳಗಿನ ಲೇಖನ ಅದಕ್ಕೂ ವಾರಗಳ ಹಿಂದೆ ಬರೆದದ್ದು. ಒಳಗೆ ಹೇಳಿರುವ ಕೊನೆಯ ಪಂದ್ಯ ಯಾವುದು ಅಂತ ನೋಡಿ, ಅದರ ತಾರೀಖು ಹಿಡಿದು ಜೋಡಿಸಿ.

ಕೊಳ್ಳುವಾಗ ಬಿಡಿ ಸಂಚಿಕೆಗಿಂತ ಒಂದು ಕಟ್ಟು ಒಟ್ಟಿಗೆ ಕೊಳ್ಳುವುದು ಲಾಭ. ಯಾರಾದರೂ ಚಂದಾದಾರರು ವರ್ಷಗಟ್ಟಲೆ ಇಟ್ಟುಕೊಂಡ ಕಟ್ಟಾದರೆ ಸಾಲು ತಪ್ಪಿರುವುದಿಲ್ಲ. ವಿಳಾಸದ ಚೀಟಿ ಅಂಟಿಸಿದ ಪ್ರತಿಗೆ ಬೆಲೆ ಕಡಿಮೆ. ಓದಲು ಬೇಕಾದವರಿಗೆ ಅದೇ ಒಳ್ಳೆಯದು, ಚೀಟಿಯನ್ನು ಕೀಳಲು ಮಾತ್ರ ಹೋಗಬೇಡಿ, ಮುಖಪುಟದ ಬಣ್ಣವೂ ಜೊತೆಗೆ ಬರುತ್ತದೆ. ಮಾರುವವರಿಂದ ನಡುಪುಟದ ಫೋಟೋ ತರಿಸಿಕೊಳ್ಳಿ. ಪಿನ್ ತುಕ್ಕು ಹಿಡಿದಿದೆಯಾ, ಪೋಸ್ಟರ್ ಇದೆಯಾ ಅಂತ ಗೊತ್ತಾಗುತ್ತದೆ. ಹದಿನೈದರ ಹುಡುಗರು ಪೋಸ್ಟರ್ ಕಿತ್ತು ಗೋಡೆಗೆ ಹಚ್ಚಿದ್ದೇ ಜಾಸ್ತಿ, ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಪೋಸ್ಟರ್ ಇದ್ದದ್ದೇ ಅದಕ್ಕೆ. ಬೂಷ್ಟಿನ ವಾಸನೆ ಇದ್ದರೆ ಮಾತ್ರ ಬೇಡವೇ ಬೇಡ, ಉಳಿದ ಪ್ರತಿಗಳಿಗೂ ಹರಡುತ್ತದೆ.

ಓದುವಾಗ ಜಾಹೀರಾತು ಹಾರಿಸಬೇಡಿ. ಗ್ರಾಂಟ್ ಹಿಲ್ ಹಾಕಿಕೊಂಡ ಫಿಲಾ ಶೂ, ಐವರ್ಸನ್‌ಗೆ ರೀಬಾಕ್ ಮಾಡಿಕೊಟ್ಟ ಶೂ, ಅಂಚೆಯಲ್ಲಿ ಶೂ ಕಳಿಸುತ್ತಿದ್ದ ಈಸ್ಟ್‌ಬೇ, ಇವೆಲ್ಲ ಆ ಕಾಲದ ನಿಜವಾದ ದಾಖಲೆ. ಇಂಟರ್ನೆಟ್‌ನಲ್ಲಿ ಹಳೇ ಲೇಖನದ ಬರಹ ಮಾತ್ರ ಸಿಕ್ಕಿದರೆ ಇವು ಯಾವುವೂ ಸಿಗುವುದಿಲ್ಲ. ಓದುಗರ ಪತ್ರಗಳನ್ನೂ ಬಿಡಬೇಡಿ. ಸ್ಲ್ಯಾಮ್‌ನ ಪತ್ರಗಳ ಪುಟದಲ್ಲಿ ಹುಡುಗರು ಸಂಪಾದಕರನ್ನೇ ಬೈಯುತ್ತಿದ್ದರು, ಉತ್ತರಕ್ಕಾಗಿ ಮುಂದಿನ ಸಂಚಿಕೆವರೆಗೂ ಕಾಯುತ್ತಿದ್ದರು. ಇನ್ನು ಫೋಟೋಗಳು. ಕ್ರೀಡಾಂಗಣದ ಚಾವಣಿಗೆ ದೊಡ್ಡ ಫ್ಲ್ಯಾಶ್‌ಗಳನ್ನು ಕಟ್ಟಿ ಫಿಲ್ಮ್‌ನಲ್ಲಿ ತೆಗೆಯುತ್ತಿದ್ದ ಕಾಲ ಅದು. ಒಂದು ಸಲ ಮಿನುಗಿದರೆ ಮತ್ತೆ ಚಾರ್ಜ್ ಆಗಲು ಕೆಲವು ಸೆಕೆಂಡ್ ಬೇಕು, ಅಂದರೆ ಒಂದು ಡಂಕ್‌ಗೆ (ಹಾರಿ ಚೆಂಡನ್ನು ರಿಮ್‌ನೊಳಗೆ ತುರುಕುವುದಕ್ಕೆ) ಒಂದೇ ಕ್ಲಿಕ್. ಅದನ್ನು ತಿಳಿದುಕೊಂಡು ಆ ಎರಡು ಪುಟದ ಚಿತ್ರ ನೋಡಿ, ಕೈ, ಚೆಂಡು, ರಿಮ್ ಎಲ್ಲ ಸರಿಯಾಗಿ ಸಿಕ್ಕಿರುವುದು ಎಂಥ ಕೆಲಸ ಅಂತ ಅರ್ಥವಾಗುತ್ತದೆ.

ಕಾಪಾಡುವುದು ಕಷ್ಟವಲ್ಲ. ಬಿಸಿಲು ಬೀಳಬಾರದು, ತೇವ ತಾಗಬಾರದು. ನುಣುಪು ಕಾಗದ ಒಮ್ಮೆ ಒದ್ದೆಯಾಗಿ ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸಲು ಆಗುವುದಿಲ್ಲ. ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್ ತೆಗೆದುಕೊಳ್ಳಿ, ಹಿಂದೆ ಆಮ್ಲವಿಲ್ಲದ ರಟ್ಟು ಇಡಿ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ವರ್ಷ ಕಳೆದಂತೆ ಹಳದಿಯಾಗಿ ಕಲೆ ಬಿಡುತ್ತದೆ.

ಪದೇ ಪದೇ ತೆರೆಯುವ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಬೆನ್ನು ಒತ್ತಿ ಚಪ್ಪಟೆ ಮಾಡಬೇಡಿ, ಪಿನ್ ಹತ್ತಿರ ಕಾಗದ ಹರಿಯುತ್ತದೆ. ಪುಟದ ಹಿಂದೆ ಕಪ್ಪು ಹಾಳೆ ಇಟ್ಟರೆ ಆ ಬದಿಯ ಅಕ್ಷರಗಳು ಮೂಡುವುದಿಲ್ಲ. ಬರಹಕ್ಕೆ 300 ಡಿಪಿಐ ಸಾಕು, ಪೋಸ್ಟರ್‌ಗೆ 600 ಇಡಿ. ಫೋಟೋದ ಮೇಲೆ ಅಲೆ ಅಲೆಯಾಗಿ ಗೆರೆ ಬಂದರೆ ಅದು ಅಚ್ಚಿನ ಚುಕ್ಕಿಗಳಿಂದ, ಸ್ಕ್ಯಾನರ್‌ನಲ್ಲಿ ಡಿಸ್ಕ್ರೀನ್ ಆಯ್ಕೆ ಹಾಕಿ ಮತ್ತೊಮ್ಮೆ ತೆಗೆಯಿರಿ.